ತೂಕದ ಬೆಲೆ, ತಿಳಿದವನ ಬೆಲೆ

ಹಳೆಯ ಕಾರಿನ ಉಕ್ಕಿನ ಚಕ್ರವೊಂದಕ್ಕೆ ನಮ್ಮ ಊರುಗಳಲ್ಲಿ ಮೂರು ಬೆಲೆಗಳಿವೆ. ಗುಜರಿ ಅಂಗಡಿಯಲ್ಲಿ ಅದು ಬರೀ ಕಬ್ಬಿಣ. ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ಅದು ‘ಡಿಸ್ಕ್’. ಬೆಂಡಾಗಿಲ್ಲದಿದ್ದರೆ, ಗಾಳಿ ನಿಲ್ಲುವಂತಿದ್ದರೆ, ಸ್ಟೆಪ್ನಿಗಾದರೂ ಆದೀತು ಎಂದು ಇನ್ನೊಂದು ಬೆಲೆ. ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ನಿಲ್ಲಬೇಕೆಂದು ಹಟ ಹಿಡಿದವನಿಗೆ ಅದು ಕಳೆದುಹೋದ ಒಡವೆ. ಅವನು ಕೊಡುವ ಬೆಲೆ ಅವನು ಎಷ್ಟು ವರ್ಷದಿಂದ ಹುಡುಕುತ್ತಿದ್ದಾನೆ ಎನ್ನುವುದರ ಮೇಲೆ ನಿಂತಿರುತ್ತದೆ. ಚಕ್ರ ಒಂದೇ, ತುಕ್ಕೂ ಒಂದೇ. ನೋಡುವವನ ತಿಳಿವಳಿಕೆ ಮಾತ್ರ ಬೇರೆ. ಹಾಗಾದರೆ, ಮೂರನೆಯ ಬೆಲೆ ಗೊತ್ತಿರುವವನು ಮೊದಲನೆಯ ಬೆಲೆ ಕೊಟ್ಟು ಸುಮ್ಮನೆ ಎತ್ತಿಕೊಂಡು ಬರುವುದು ಜಾಣ ವ್ಯಾಪಾರವೋ, ಮೋಸವೋ?

ಈ ಪ್ರಶ್ನೆ ನನಗೆ ಪುಸ್ತಕದಲ್ಲಿ ಎದುರಾದದ್ದಲ್ಲ. ಹಳೆಯ ಫಿಯೆಟ್, ಅಂಬಾಸಿಡರ್‌ಗಳ ಚಕ್ರಗಳನ್ನು ಕೊಂಡು, ಸರಿಪಡಿಸಿ, ಬೇಕಾದವರಿಗೆ ಕೊಡುವುದು ಬಹಳ ವರ್ಷಗಳಿಂದ ನನ್ನ ಹವ್ಯಾಸ. ಹವ್ಯಾಸ ಎಂದರೂ ದುಡ್ಡು ಕೊಟ್ಟು ತರುತ್ತೇನೆ, ದುಡ್ಡು ಪಡೆದು ಕೊಡುತ್ತೇನೆ; ಆದ್ದರಿಂದ ವ್ಯಾಪಾರವೆಂದೇ ಕರೆಯುವುದು ಸರಿ. ಫಿಯೆಟ್‌ನ ಚಕ್ರ 14 ಇಂಚಿನದು, ಅಂಬಾಸಿಡರ್‌ನದು 15. ಈ ಎರಡು ಅಳತೆಗಳ ಮೇಲೆ ನಮ್ಮ ದೇಶ ಅರ್ಧ ಶತಮಾನ ಓಡಾಡಿದೆ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100, ಎಪ್ಪತ್ತರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ಯಾಗಿ, ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ನಿಂತದ್ದು 2014ರಲ್ಲಿ. ಮುಂಬೈಯ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳ ಕಾಲವೂ ಮುಗಿಯಿತು. ಹಾಗೆ ಬೀದಿಯಿಂದ ಹೋದ ಕಾರುಗಳಲ್ಲಿ ಹೆಚ್ಚಿನವು ಹೋಗಿ ಸೇರುವುದು ಗುಜರಿಗೆ, ಅಲ್ಲಿಂದ ಕುಲುಮೆಗೆ. ಕಾರ್ಖಾನೆಯಿಂದ ಹೊಸ ಚಕ್ರ ಇನ್ನು ಬರುವುದಿಲ್ಲ. ಗುಜರಿಯಲ್ಲಿ ಕರಗಿದ ಪ್ರತಿ ಚಕ್ರವೂ ಉಳಿದವುಗಳ ಬೆಲೆಯನ್ನು ಒಂದು ಕೂದಲಿನಷ್ಟು ಮೇಲಕ್ಕೆತ್ತುತ್ತದೆ.

ಬೆಂಗಳೂರಿನ ಶಿವಾಜಿನಗರದ ಕಡೆ ಒಂದು ಗುಜರಿ ಅಂಗಡಿಯಲ್ಲಿ ಒಮ್ಮೆ ನಾಲ್ಕು ಫಿಯೆಟ್ ಚಕ್ರಗಳು ಸಿಕ್ಕವು. ಅಂಗಡಿಯ ಭಾಯ್ ಒಂದೊಂದನ್ನೂ ತೂಕಕ್ಕೆ ಹಾಕಿದರು. ಚಕ್ರಕ್ಕೆ ಏಳು ಕಿಲೋ, ಕಿಲೋಗೆ 40 ರೂಪಾಯಿ. ಅಂದರೆ ಒಂದಕ್ಕೆ 280. ಸರಿಪಡಿಸಿದ ಮೇಲೆ ಅದೇ ಚಕ್ರಕ್ಕೆ ಎರಡೂವರೆ ಸಾವಿರ ಕೊಡಲು ಸಿದ್ಧನಿದ್ದ ಮನುಷ್ಯನ ಫೋನ್ ನಂಬರ್ ನನ್ನ ಜೇಬಿನಲ್ಲಿತ್ತು. ನಾನು ಹೇಳಿದೆ, “ಭಾಯ್, ಇದನ್ನು ಕಬ್ಬಿಣದ ರೇಟಿಗೆ ಕೊಡಬೇಡಿ. ಹಳೇ ಕಾರು ಇಟ್ಟುಕೊಂಡವರು ಹುಡುಕುತ್ತಿರುತ್ತಾರೆ.” ಭಾಯ್ ನಕ್ಕರು. “ಗೊತ್ತು ಸಾರ್. ಆದ್ರೆ ಅವ್ರು ಯಾವಾಗ ಬರ್ತಾರೆ? ನಾಳೆ ಬೆಳಿಗ್ಗೆ ಲಾರಿ ಬರ್ತದೆ. ಜಾಗ ಖಾಲಿ ಆಗ್ಬೇಕು, ದುಡ್ಡು ಓಡಾಡ್ಬೇಕು.”

ನಾನು ಗುಟ್ಟು ಎಂದುಕೊಂಡಿದ್ದು ಅವರಿಗೆ ಗುಟ್ಟೇ ಆಗಿರಲಿಲ್ಲ. ಅವರ 280ರಲ್ಲಿ ಕಬ್ಬಿಣದ ಜೊತೆಗೆ ಅಂಗಡಿಯ ಬಾಡಿಗೆಯಿತ್ತು, ನಾಳೆಯ ಲಾರಿಯಿತ್ತು, ಬರುತ್ತಾನೋ ಇಲ್ಲವೋ ತಿಳಿಯದ ಗಿರಾಕಿಗಾಗಿ ಕಾಯಲಾಗದ ಕಷ್ಟವೂ ಇತ್ತು. ನಾನು ಕೊಡಲು ಹೊರಟದ್ದು ಕಾಯುವ ಬೆಲೆ; ಅವರು ಕೇಳಿದ್ದು ಕಾಯದಿರುವ ಬೆಲೆ. ತೂಕಕ್ಕಿಂತ ಒಂದಿಷ್ಟು ಹೆಚ್ಚು ಕೊಟ್ಟು ತಂದೆ. ಈಗ ಅಂಥ ಚಕ್ರ ಬಂದರೆ ಲಾರಿಗೆ ಹಾಕುವ ಮೊದಲು ನನಗೆ ಫೋನ್ ಮಾಡುತ್ತಾರೆ.

ನಮ್ಮ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂದು ನೋಡಿದಾಗ ನನಗೆ ಸಣ್ಣ ಆಶ್ಚರ್ಯವೇ ಕಾದಿತ್ತು. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಬರೀ ಮೌನ ವಂಚನೆಯಲ್ಲ ಎನ್ನುತ್ತದೆ ಅದು. ಆದರೆ ಮಾತಾಡಲೇಬೇಕಾದ ಸಂದರ್ಭವಿದ್ದರೆ, ಅಥವಾ ಮೌನವೇ ಮಾತಿಗೆ ಸಮನಾಗುವಂತಿದ್ದರೆ, ಆಗ ಅದು ವಂಚನೆ. ಇದಕ್ಕೆ ಕಾಯ್ದೆ ಕೊಡುವ ಉದಾಹರಣೆಗಳು ಕಥೆಗಳ ಹಾಗಿವೆ. ಒಬ್ಬ ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ರೋಗದ ಮಾತೆತ್ತುವುದಿಲ್ಲ: ವಂಚನೆಯಲ್ಲ. ಕೊಳ್ಳುವವಳು ಈಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳು: ಆಗ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು “ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ” ಎನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ: ಇಲ್ಲಿ ಮೌನವೇ ಮಾತು. ಇಬ್ಬರೂ ವ್ಯಾಪಾರಿಗಳು, ಒಬ್ಬನಿಗೆ ಮಾತ್ರ ಬೆಲೆ ಬದಲಾದ ಸುದ್ದಿ ಗೊತ್ತು: ಅವನು ಇನ್ನೊಬ್ಬನಿಗೆ ಹೇಳಬೇಕಾಗಿಲ್ಲ.

ಈ ನಾಲ್ಕನೆಯ ಉದಾಹರಣೆಯಲ್ಲಿ ಭಾಯ್ ಮತ್ತು ನಾನು ಇದ್ದೇವೆ. ಅಲ್ಲಿ ಸುಮ್ಮನಿದ್ದಿದ್ದರೂ ಕಾನೂನು ನನ್ನನ್ನು ಕೇಳುತ್ತಿರಲಿಲ್ಲ. ಎರಡನೆಯ ಉದಾಹರಣೆ ಮೈಸೂರಿನಲ್ಲಿ ಎದುರಾಯಿತು.

ಅಲ್ಲೊಬ್ಬ ಹಿರಿಯ ಹೆಂಗಸು, ಯಜಮಾನರು ತೀರಿಕೊಂಡ ಮೇಲೆ ಗ್ಯಾರೇಜು ಖಾಲಿ ಮಾಡುತ್ತಿದ್ದರು. ಕಾರು ಮೊದಲೇ ಹೋಗಿತ್ತು. ಉಳಿದದ್ದು ಅಂಬಾಸಿಡರ್‌ನ ಐದು ಚಕ್ರ, ಮೂಲ ವೀಲ್ ಕ್ಯಾಪ್‌ಗಳ ಸಮೇತ, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದರು. ಬೆಲೆ ಕೇಳಿದೆ. ಅವರು ಹೇಳಿದರು: “ನನಗೇನು ಗೊತ್ತಪ್ಪಾ? ನೀವೇ ಹೇಳಿ. ಅವರಿದ್ದಿದ್ರೆ ಎಷ್ಟು ಕೇಳ್ತಿದ್ರು?”

ಆ ಪ್ರಶ್ನೆ ಬಂದ ಕ್ಷಣದಿಂದ ನಾನು ಬರೀ ಗಿರಾಕಿಯಾಗಿ ಉಳಿಯಲಿಲ್ಲ. ಆಕೆ ತಕ್ಕಡಿಯನ್ನೇ ನನ್ನ ಕೈಗೆ ಕೊಟ್ಟಿದ್ದರು. ಭಾಯ್ ತಮ್ಮ ತಕ್ಕಡಿಯನ್ನು ತಾವೇ ಹಿಡಿದಿದ್ದರು. ನನ್ನ ಮಾತು ನಂಬಬೇಕೋ ಬೇಡವೋ ಎಂದು ತೂಗಲು ಅವರಿಗೆ ಮೂವತ್ತು ವರ್ಷದ ಕಸುಬಿತ್ತು. ಈಕೆಗೆ ಇದ್ದದ್ದು ಸತ್ತ ಗಂಡನ ನೆನಪು ಮತ್ತು ನನ್ನ ಮುಖ. ಸರಿಪಡಿಸಿದ ಮೇಲೆ ಇವು ಎಷ್ಟಕ್ಕೆ ಹೋಗುತ್ತವೆ, ಸರಿಪಡಿಸಲು ಎಷ್ಟು ಖರ್ಚು, ಎಷ್ಟು ದಿನ, ನನಗೆ ಏನು ಉಳಿಯಬೇಕು ಎಂದು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅದರ ಮೇಲೆ ಬೆಲೆ ಕುದುರಿತು. ದುಡ್ಡು ಎಣಿಸಿಕೊಂಡ ಮೇಲೆ ಅವರು, “ಇಷ್ಟು ಕೊಟ್ರೆ ನಿಮಗೆ ನಷ್ಟ ಆಗಲ್ವಾ?” ಎಂದರು. ಲೆಕ್ಕ ಬಿಚ್ಚಿಟ್ಟ ಕಡೆ ಕೊಡುವವರಿಗೂ ಕೊಳ್ಳುವವನ ಚಿಂತೆ ಬರುತ್ತದೆ ಎನ್ನುವುದನ್ನು ನಾನು ಅಂದು ನೋಡಿದೆ.

ಇದು ಬಹಳ ಹಳೆಯ ವಾದ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ಧಾನ್ಯದ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ವ್ಯಾಪಾರಿ ಅಲೆಕ್ಸಾಂಡ್ರಿಯಾದಿಂದ ಧಾನ್ಯ ತಂದಿದ್ದಾನೆ; ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಹೇಳಬೇಕೋ, ಸುಮ್ಮನಿದ್ದು ಹೆಚ್ಚು ಬೆಲೆಗೆ ಮಾರಬೇಕೋ? ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಸುಮ್ಮನಿರುವುದು ಬಚ್ಚಿಡುವುದಲ್ಲ ಎನ್ನುತ್ತಾನೆ ಡಯೋಜಿನಿಸ್ ಎಂಬ ತತ್ವಜ್ಞಾನಿ. ಅವನ ಶಿಷ್ಯ ಆಂಟಿಪೇಟರ್, ಮನುಷ್ಯರು ಒಬ್ಬರಿಗೊಬ್ಬರು ಬೇಕಾದವರು, ಆದ್ದರಿಂದ ಎಲ್ಲವನ್ನೂ ಹೇಳಬೇಕು ಎನ್ನುತ್ತಾನೆ. ಸಿಸೆರೊ ನಿಲ್ಲುವುದು ಶಿಷ್ಯನ ಕಡೆ. ನಮ್ಮ ಮಹಾಭಾರತದ ಶಾಂತಿಪರ್ವದಲ್ಲಿ ಧರ್ಮವನ್ನು ಕಲಿಯಲು ಜಾಜಲಿ ಎಂಬ ತಪಸ್ವಿ ಹೋಗಬೇಕಾಗುವುದು ಕಾಶಿಯ ತುಲಾಧಾರನೆಂಬ ವ್ಯಾಪಾರಿಯ ಬಳಿಗೆ. ತನ್ನ ತಕ್ಕಡಿ ಎಲ್ಲರಿಗೂ ಸಮ ಎನ್ನುವುದೇ ಆ ವ್ಯಾಪಾರಿಯ ಹೆಚ್ಚುಗಾರಿಕೆ. ಆದರೆ ಹಳೆಯ ಚಕ್ರದ ವ್ಯಾಪಾರದಲ್ಲಿ ತಕ್ಕಡಿ ಎಷ್ಟೇ ಸಮವಿದ್ದರೂ ಅನ್ಯಾಯ ಆಗಬಹುದು. ತೂಕದಲ್ಲಿ ಒಂದು ಗ್ರಾಮಿನಷ್ಟೂ ಮೋಸವಿಲ್ಲದೆ, ಮೈಸೂರಿನ ಆ ಐದು ಚಕ್ರಗಳನ್ನು ಕಬ್ಬಿಣದ ದರಕ್ಕೆ ತರಬಹುದಿತ್ತು. ಅಲ್ಲಿ ಸಮವಾಗಬೇಕಾದ್ದು ತಿಳಿವಳಿಕೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ನನ್ನ ತಿಳಿವಳಿಕೆಯೇನು ಬಿಟ್ಟಿ ಬಂದದ್ದೇ? ಯಾವ ಚಕ್ರ ಯಾವ ಕಾರಿನದು, ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಕಲಿಯಲು ಭಾನುವಾರಗಳನ್ನು ಗುಜರಿಗಳಲ್ಲಿ ಕಳೆದಿದ್ದೇನೆ. ಅದರ ಫಲವನ್ನೆಲ್ಲ ಮಾರುವವರಿಗೇ ಒಪ್ಪಿಸಿದರೆ ಹುಡುಕಲು ಯಾರು ಹೋಗುತ್ತಾರೆ? ಯಾರೂ ಹೋಗದಿದ್ದರೆ ಚಕ್ರಗಳು ಕುಲುಮೆಗೆ ಹೋಗುತ್ತವೆ. ಈ ಮಾತು ನಿಜ. ತಿಳಿವಳಿಕೆಗೆ ಕೂಲಿ ಸಿಗಬೇಕು. ಆದರೆ ಕೂಲಿ ಕೇಳಿ ಪಡೆಯುವಂಥದ್ದು. ಮೈಸೂರಿನ ಹಾಳೆಯಲ್ಲಿ “ನನಗೆ ಇಷ್ಟು” ಎಂದು ಬರೆದ ಸಾಲಿಗೆ ಆಕೆ ಬೇಡವೆನ್ನಬಹುದಿತ್ತು, ಬೇರೆಯವರನ್ನು ಕರೆಸಬಹುದಿತ್ತು. ಅದನ್ನೇ ಬರೆಯದೆ ಎತ್ತಿಕೊಂಡಿದ್ದರೆ ಬೇಡವೆನ್ನುವ ಅವಕಾಶವೇ ಅವರಿಗೆ ಇರುತ್ತಿರಲಿಲ್ಲ.

ಕೊಳ್ಳುವಾಗ ಮೌನದಿಂದ ಹೋಗುವುದು ದುಡ್ಡು. ಸರಿಪಡಿಸಿ ಮಾರುವಾಗ ಹೋಗುವುದು ಜೀವವಾಗಬಹುದು. ಚಕ್ರ ಬಂದ ಕೂಡಲೇ ಮಾಡುವ ಕೆಲಸ ಅದರ ಅಂದ ನೋಡುವುದಲ್ಲ. ಗ್ರೀಸು, ಮಣ್ಣು ತೊಳೆದು, ಬೋಲ್ಟಿನ ತೂತುಗಳು ಅಗಲವಾಗಿವೆಯೇ, ರಿಮ್ಮಿಗೂ ಡಿಸ್ಕಿಗೂ ಬೆಸುಗೆ ಹಾಕಿದ ಕಡೆ ಬಿರುಕಿದೆಯೇ ಎಂದು ನೋಡಬೇಕು. ತಿರುಗಿಸಿ, ಎಷ್ಟು ಮಿಲಿಮೀಟರು ಓಲಾಡುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆಯಬೇಕು. ಟೈರಿನ ಅಂಚು ಕೂರುವ ಜಾಗದಲ್ಲಿ ತುಕ್ಕು ಎಷ್ಟು ಆಳಕ್ಕೆ ತಿಂದಿದೆ ಎಂದು ನೋಡಬೇಕು. ಅನುಮಾನ ಬಂದರೆ ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತೇವೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಂಗಿದ ಕೆಂಪು, ಬಿಳಿಯ ಮೇಲೆ ಕೂದಲಿನಂತೆ ಮೂಡುತ್ತದೆ. ಇಷ್ಟು ದಾಟಿದ ಮೇಲೆಯೇ ಸ್ಯಾಂಡ್ ಬ್ಲಾಸ್ಟಿಂಗ್, ಪ್ರೈಮರ್, ಬಣ್ಣ. ಬಣ್ಣದಲ್ಲೂ ಒಂದು ಎಚ್ಚರ ಬೇಕು. ಚಕ್ರ ಹಬ್ಬಿಗೆ ಕೂರುವ ಮುಖದ ಮೇಲೆ, ನಟ್ಟು-ಬೋಲ್ಟು ಕೂರುವ ಗುಣಿಗಳಲ್ಲಿ ದಪ್ಪ ಪೌಡರ್ ಕೋಟಿಂಗ್ ಬಿದ್ದರೆ ಓಡುತ್ತಾ ಅದು ಸವೆದು, ಬಿಗಿ ಸಡಿಲವಾಗುತ್ತದೆ. ಅಂದಕ್ಕೆಂದು ಹಚ್ಚಿದ್ದೇ ಚಕ್ರ ಕಳಚಲು ಕಾರಣವಾಗಬಹುದು.

ಒಮ್ಮೆ ಬೋಲ್ಟಿನ ಎರಡು ತೂತುಗಳ ನಡುವೆ ಬಿರುಕು ಬಿಟ್ಟ ಚಕ್ರ ಸಿಕ್ಕಿತು. ಹೊರಗಿನಿಂದ ನೋಡಲು ಅದೇ ಎಲ್ಲಕ್ಕಿಂತ ಚೆಂದದ್ದು. ಬಣ್ಣ ಹೊಡೆಯುವ ಹುಡುಗ ಹೇಳಿದ: “ವೆಲ್ಡಿಂಗ್ ಮಾಡಿ ಪುಟ್ಟಿ ಹಾಕ್ಬಿಟ್ರೆ ಗೊತ್ತೇ ಆಗಲ್ಲ ಸಾರ್. ಹೆಂಗೂ ಇವ್ರು ಗಾಡಿ ಓಡ್ಸಲ್ಲ, ಶೋಗೆ ನಿಲ್ಸ್ತಾರೆ.” ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಒಂದು ಒಳ್ಳೆಯ ವಸ್ತು ಹಾಳಾಗಬಾರದೆಂಬ ಕಸುಬುದಾರನ ಆಸೆಯಿತ್ತು. ಆದರೆ ಕರಾರು ಕಾಯ್ದೆಯ ಮೂರನೆಯ ಉದಾಹರಣೆ ನನ್ನ ತಲೆಯಲ್ಲಿತ್ತು. ಹೊಸ ಬಣ್ಣ ಸುಮ್ಮನಿರುವುದಿಲ್ಲ. ಅದು ಕೊಳ್ಳುವವನಿಗೆ “ಚೆನ್ನಾಗಿದ್ದೇನೆ” ಎಂದು ಹೇಳುತ್ತಲೇ ಇರುತ್ತದೆ. ಬಿರುಕಿನ ಮೇಲೆ ಬಣ್ಣ ಹೊಡೆದು ಬಾಯಿ ಮುಚ್ಚಿಕೊಂಡರೆ ಅದು ಮೌನವಲ್ಲ, ಗಟ್ಟಿಯಾಗಿ ಹೇಳಿದ ಸುಳ್ಳು. ಇವತ್ತು ಶೋಗೆ ನಿಂತ ಕಾರನ್ನು ನಾಳೆ ಅವನ ಮಗ ಮೈಸೂರು ರಸ್ತೆಯಲ್ಲಿ ಓಡಿಸಬಹುದು.

ಆ ಚಕ್ರವನ್ನು ಗ್ಯಾಸ್ ಕಟರ್‌ನಿಂದ ಎರಡು ತುಂಡು ಮಾಡಿಸಿ ಗುಜರಿಗೆ ಹಾಕಿದೆ. ಇಡಿಯಾಗಿ ಹಾಕಿದ್ದರೆ ನನ್ನಂಥವನೇ ಇನ್ನೊಬ್ಬ ಅದನ್ನು ಎತ್ತಿಕೊಳ್ಳುತ್ತಿದ್ದ, ಅವನ ಪೇಂಟರ್ ಪುಟ್ಟಿ ಹಾಕುತ್ತಿದ್ದ. ಉಳಿಸುವುದೇ ಗುರಿಯಾದವನು ಒಂದು ಹಳೆಯ ವಸ್ತುವನ್ನು ಕೈಯಾರೆ ಕತ್ತರಿಸುವುದು ಸುಲಭವಲ್ಲ. ಆದರೆ ಉಳಿಸಬೇಕಾದ್ದು ಚಕ್ರದ ಆಕಾರವನ್ನೋ, ಅದರ ಮೇಲೆ ಭಾರ ಹಾಕಿ ಕೂರುವವನ ನಂಬಿಕೆಯನ್ನೋ ಎನ್ನುವ ಪ್ರಶ್ನೆ ಬಂದಾಗ ಆಕಾರ ಹಿಂದೆ ಸರಿಯಬೇಕು.

ಜೀವಕ್ಕೆ ಅಪಾಯವಿಲ್ಲದ ಸುಳ್ಳುಗಳೂ ಇವೆ. ಜರ್ಮನಿಯ ಪೋರ್ಷೆ 356ರಂಥ ಕಾರುಗಳ ಉಕ್ಕಿನ ಚಕ್ರಗಳ ಮೇಲೆ ತಯಾರಾದ ಕಾಲವನ್ನು ಅಂಕಿಗಳಲ್ಲಿ ಒತ್ತಿರುತ್ತಾರೆ. ಕಾರಿನ ತಯಾರಿಯ ಕಾಲಕ್ಕೆ ಹೊಂದುವ ಅಂಕಿಯಿದ್ದರೆ ಚಕ್ರದ ಬೆಲೆ ಏರುತ್ತದೆ. ಉಕ್ಕಿನ ಮೇಲೆ ಅಂಕಿ ಒತ್ತಲು ಒಂದು ಉಳಿ, ಒಂದು ಸುತ್ತಿಗೆ ಸಾಕು ಎನ್ನುವುದು ಆಸೆಗೆ ದಾರಿ. ಹೊಸದಾಗಿ ಅಂಕಿ ಒತ್ತಿದ ಚಕ್ರ ಓಡುವುದರಲ್ಲಿ ಏನೂ ಕಡಿಮೆಯಿಲ್ಲ. ಆದರೂ ಅದನ್ನು ಮೂಲದ್ದೆಂದು ಮಾರುವುದು ಕಳವು. ಕೊಳ್ಳುವವನು ದುಡ್ಡು ಕೊಡುತ್ತಿರುವುದು ಉಕ್ಕಿಗಲ್ಲ, ಆ ವರ್ಷ ನಿಜವಾಗಿ ಅಲ್ಲಿತ್ತು ಎನ್ನುವುದಕ್ಕೆ.

ಈಗ ನಾನು ಮಾರುವ ಪ್ರತಿ ಚಕ್ರದ ಜೊತೆ ಒಂದು ಚೀಟಿ ಹೋಗುತ್ತದೆ. ಎಲ್ಲಿ ಸಿಕ್ಕಿತು, ಎಷ್ಟಕ್ಕೆ ಕೊಂಡೆ, ಏನೇನು ಮಾಡಿಸಿದೆ, ಓಲಾಟ ಎಷ್ಟು, ತುಕ್ಕು ತಿಂದ ಗುರುತು ಎಲ್ಲಿದೆ, ಟ್ಯೂಬ್ ಇಲ್ಲದ ಟೈರು ಹಾಕಬೇಡಿ, ನನ್ನ ಕೂಲಿ ಇಷ್ಟು. ಕೆಲವರಿಗೆ ಇದು ಹಿಡಿಸುವುದಿಲ್ಲ. “280 ಚಿಲ್ಲರೆಗೆ ತಂದು ಎರಡೂವರೆ ಸಾವಿರವಾ?” ಎಂದು ಮುಖ ಗಂಟಿಕ್ಕಿಕೊಂಡು ಹೋದವರಿದ್ದಾರೆ. ಅವರ ಸಿಟ್ಟು ತಪ್ಪೆಂದು ನಾನು ಹೇಳಲಾರೆ. ಲೆಕ್ಕ ನೋಡಿ ಬೇಡವೆನ್ನುವುದು ಅವರ ಹಕ್ಕು. ಚೀಟಿಯ ಇನ್ನೊಂದು ಪ್ರತಿ ಚಕ್ರ ಕೊಟ್ಟವರಿಗೆ ಹೋಗುತ್ತದೆ. ಭಾಯ್ ಅದನ್ನು ಓದದೆ ಬಿಲ್ ಪುಸ್ತಕದೊಳಗೆ ಸಿಕ್ಕಿಸಿಡುತ್ತಾರೆ. ಮೈಸೂರಿನ ಅಮ್ಮ ಪೂರ್ತಿ ಓದಿ, ಕೂಡಿಸಿ ನೋಡಿ, ನಾನು ಪ್ರೈಮರಿನ ಖರ್ಚು ಹಾಕಿಲ್ಲವೆಂದು ಫೋನ್ ಮಾಡಿ ಕೇಳಿದರು. ಅದು ಬಣ್ಣದ ಖರ್ಚಿನಲ್ಲೇ ಸೇರಿದೆ ಎಂದ ಮೇಲೆಯೇ ಅವರಿಗೆ ಸಮಾಧಾನವಾಯಿತು.