ಮಣ್ಣಿನ ಆಟವೂ ಕಲಿಕೆಯೂ

ಕಲಿಯುವುದಕ್ಕೆ ಮೊದಲು ಆಡುವುದು ಉಚಿತವೆ, ಅಥವಾ ಕಲಿತವನಿಗೆ ಮಾತ್ರವೇ ಆಟವು ಸಲ್ಲತಕ್ಕುದೆ? ಸಂಗೀತವನ್ನಾಗಲಿ ವ್ಯಾಕರಣವನ್ನಾಗಲಿ ಕಲಿಸುವವರು ಎರಡನೆಯ ಪಕ್ಷವನ್ನೇ ಹಿಡಿಯುವರು. ಸರಳೆವರಿಸೆಯಲ್ಲಿ ಪಳಗದವನಿಗೆ ಮನೋಧರ್ಮದ ಮಾತೇಕೆ? ಅಲ್ಲಿಗೆ ಅವರ ವಾದವು ಸರಿಯೇ. ಆದರೆ ತಿಗರಿಯಿಲ್ಲದೆ ಬರಿಗೈಯಿಂದ ಮಣ್ಣಿನ ಪಾತ್ರೆಯನ್ನು ರಚಿಸುವ ವಿದ್ಯೆಗೆ ಈ ನಿಯಮವು ಹೊಂದುವುದಿಲ್ಲವೆಂದು ನನಗೆ ತೋರುತ್ತದೆ.

ಈ ವಿದ್ಯೆಯ ಸೂತ್ರಗಳು ಅತ್ಯಲ್ಪ. ಹದವಾಗಿ ನಾದಿದ ಉಂಡೆಗೆ ಹೆಬ್ಬೆರಳನ್ನಿಳಿಸಿ, ತಿರುಗಿಸುತ್ತ ಒತ್ತುತ್ತ ಹೋದರೆ ಬಟ್ಟಲಾಗುವುದು. ಕೋಡುಬಳೆಗೆ ಹೊಸೆಯುವಂತೆ ಹೊಸೆದು, ಸುತ್ತಿನ ಮೇಲೆ ಸುತ್ತಿಟ್ಟು ಬೆಸೆದರೆ ಗಡಿಗೆಯಾಗುವುದು. ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಗೋಡೆಯು ಎಷ್ಟು ತೆಳುವಾದರೆ ಕುಸಿಯುವುದೆಂಬುದನ್ನು ಯಾವ ಗುರುವೂ ಬಾಯಿಂದ ಹೇಳಲಾರನು. ಕುಸಿಯುವವರೆಗೆ ಒತ್ತಿ ನೋಡಿದ ಬೆರಳಿಗೆ ಮಾತ್ರ ಅದು ವೇದ್ಯ. ಚೆನ್ನಾದ ಬಟ್ಟಲನ್ನೇ ಮಾಡಬೇಕೆಂದು ಹಟತೊಟ್ಟು ಕುಳಿತವನು ಆ ಎಲ್ಲೆಯವರೆಗೆ ಹೋಗಲು ಅಂಜುವನು. ಅವನ ಬಟ್ಟಲುಗಳು ದಪ್ಪನಾಗಿ ಭಾರವಾಗಿಯೇ ಉಳಿಯುವುವು. ಆಡುವವನಿಗೆ ಆ ಅಂಜಿಕೆಯಿಲ್ಲ. ಒಣಗಿ ಬಿರುಕುಬಿಟ್ಟ ಪಾತ್ರೆಯೂ ನೀರಿನಲ್ಲಿ ನೆನೆದರೆ ಮತ್ತೆ ಮಣ್ಣೇ ಆಗುವುದಷ್ಟೆ. ಭೂಮಿಗೆ ಕ್ಷಮೆಯೆಂದು ಹೆಸರಿಟ್ಟ ಹಿರಿಯರು ಒಮ್ಮೆಯಾದರೂ ಮಣ್ಣನ್ನು ನಾದಿದ್ದಿರಬೇಕು!

ಆಟವು ಮೊದಲೋ ಪ್ರಯೋಜನವು ಮೊದಲೋ ಎಂಬುದಕ್ಕೆ ಪುರಾತತ್ತ್ವವೂ ಸ್ವಲ್ಪ ಸಾಕ್ಷಿ ಹೇಳುತ್ತದೆ. ಮೊರೇವಿಯದ ದೊಲ್ನೀ ವೆಸ್ಟೊನಿತ್ಸೆ ಎಂಬಲ್ಲಿ 1925ರಲ್ಲಿ ದೊರೆತ ಸುಟ್ಟ ಮಣ್ಣಿನ ಸ್ತ್ರೀವಿಗ್ರಹವು 25,000 ವರ್ಷಗಳಿಗೂ ಹಿಂದಿನದು. ಚೀಣದ ಕ್ಸಿಯಾನ್ರೆನ್‌ಡಾಂಗ್ ಗುಹೆಯ ಪಾತ್ರೆಗಳು ಅತಿ ಪ್ರಾಚೀನವಾದುವುಗಳಲ್ಲಿ ಸೇರಿದುವು. ಅವುಗಳಿಗೆ ಸುಮಾರು 20,000 ವರ್ಷಗಳು. ಆ ವಿಗ್ರಹವನ್ನು ಪೂಜೆಗೆ ಮಾಡಿದರೋ ವಿನೋದಕ್ಕೆ ಮಾಡಿದರೋ, ಅಡುಗೆಗಂತೂ ಮಾಡಲಿಲ್ಲ. ಇಷ್ಟು ದೂರವೇಕೆ? ನಮ್ಮ ಉತ್ತರದ ಜಿಲ್ಲೆಗಳಲ್ಲಿ ಜ್ಯೇಷ್ಠದ ಅಮಾವಾಸ್ಯೆಯಂದು ಮಣ್ಣೆತ್ತುಗಳನ್ನು ಮಾಡಿ ಪೂಜಿಸುವರು. ಮಗುವು ತಿದ್ದಿದ ಎತ್ತಿನ ಕೊಂಬು ಸೊಟ್ಟಗಿದ್ದರೆ ಪೂಜೆಗೇನೂ ಕುಂದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯುಂಟು. ಅದನ್ನು ಹಗುರವಾಗಿ ತಳ್ಳಿಬಿಡಲಾಗದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಆವಿಗೆಯಲ್ಲಿ ಗಡಿಗೆಯೊಡೆದರೆ ಕುಂಬಾರನಿಗೆ ಅದು ಅನ್ನದ ಪ್ರಶ್ನೆ. ಲೋಹದ ಮತ್ತು ಪ್ಲಾಸ್ಟಿಕ್ಕಿನ ಪಾತ್ರೆಗಳಿಂದ ಅವನ ಗಿರಾಕಿಗಳು ಮೊದಲೇ ಕಡಮೆಯಾಗಿರುವಾಗ, ಉಂಡುಟ್ಟ ಗೃಹಸ್ಥರು ಅವನ ವೃತ್ತಿಯನ್ನು ವಿನೋದವಾಗಿ ಆಡುವುದು ನ್ಯಾಯವೆ? ಆಟದಲ್ಲಿ ದೋಷವಿಲ್ಲವೆಂದೇ ನನ್ನ ಮತ. ತನ್ನ ಸೊಟ್ಟ ಬಟ್ಟಲನ್ನು ಕಲೆಯೆಂದು ಮೆರೆಯಿಸುತ್ತ, ಸಂತೆಯಲ್ಲಿ ಕುಂಬಾರನ ಗಡಿಗೆಗೆ ಎರಡು ರೂಪಾಯಿ ಇಳಿಸೆಂದು ಚೌಕಾಸಿ ಮಾಡುವುದು ದೋಷ. ಬೆರಳಿನಿಂದ ಮಣ್ಣನ್ನು ಅರಿತವನು ಹಾಗೆ ಮಾಡಲಾರನೆಂದು ನಂಬಲು ಆಸೆಯಾಗುತ್ತದೆ. ಖಂಡಿತವಾಗಿ ಹೇಳಲು ಧೈರ್ಯವಿಲ್ಲ.

ಸೊಟ್ಟತನದಲ್ಲಿಯೂ ಭೇದವುಂಟು. 16ನೆಯ ಶತಮಾನದಲ್ಲಿ ಜಪಾನಿನ ಕ್ಯೋಟೋ ನಗರದ ಚೋಜಿರೋ ಎಂಬಾತನು ಚಹಾಗುರುವಾದ ಸೆನ್ ನೊ ರಿಕ್ಯುವಿನ ಅಭಿರುಚಿಗನುಸಾರವಾಗಿ, ತಿಗರಿಯನ್ನು ಬಿಟ್ಟು ಕೈಯಿಂದಲೇ ಬಟ್ಟಲುಗಳನ್ನು ರೂಪಿಸಿದನು. ರಾಕು ಎಂಬ ಪರಂಪರೆಗೆ ಅವೇ ಮೂಲ. ಅವು ಯಂತ್ರದಷ್ಟು ಸಮವಲ್ಲ. ಆದರೆ ಅಂಗೈಗೂ ತುಟಿಗೂ ಒಗ್ಗುವುವು. ಆ ಓರೆಯು ಕೈ ತಿಳಿದು ಬಿಟ್ಟ ಓರೆ.

ಬೆಂಕಿಗೆ ಮಾತ್ರ ಆಟ ತಿಳಿಯದು. ತೇವವಾರದ ದಪ್ಪ ಗೋಡೆಯು ಒಳಗಿನ ಆವಿಯ ಒತ್ತಡಕ್ಕೆ ಸಿಡಿಯುವುದು. ಸುಮಾರು 600 ಡಿಗ್ರಿಯ ಶಾಖವನ್ನು ದಾಟಿದ ಮಣ್ಣು ಎಷ್ಟು ನೆನೆಯಿಟ್ಟರೂ ಹಿಂದಿನ ಮಣ್ಣಾಗದು. ಆದುದರಿಂದ ಆವಿಗೆಗೆ ಮುಂಚೆ ಆಡಿದವನೇ ನ್ಯಾಯಾಧಿಪತಿಯಾಗಿ ಕೂರಬೇಕಾಗುವುದು. ಹತ್ತರಲ್ಲಿ ಒಂದೋ ಎರಡೋ ಬೆಂಕಿಗೆ ಸಲ್ಲುವುವು. ಉಳಿದುವನ್ನು ಒಣಗಿದ ಮೇಲೆ ಪುಡಿಮಾಡಿ ಬಾನಿಯ ನೀರಿಗೆ ಹಾಕುವುದು. ಕೆಲವು ದಿನಗಳಲ್ಲಿ ಅವು ಮತ್ತೆ ನಾದುವುದಕ್ಕೆ ಸಿದ್ಧವಾಗಿರುವುವು.