ಆಪತ್ತಿಗಾದವಳೇ ಗೆಳತಿ

‘ಆಪತ್ತಿಗಾದವನೇ ನೆಂಟ’ ಎಂಬ ಗಾದೆ ಮಂಡ್ಯ ಸೀಮೆಯಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಆಸ್ಪತ್ರೆ ಖರ್ಚಿಗೆ ಕೈಗಡ ಕೊಟ್ಟವರು, ಸಾವಿನ ಮನೆಗೆ ಅಡುಗೆ ಮಾಡಿ ತಂದವರು ರಕ್ತಸಂಬಂಧ ಇಲ್ಲದಿದ್ದರೂ ನೆಂಟರೇ ಎಂಬುದು ಎಲ್ಲರೂ ಬಲ್ಲ ಅರ್ಥ. ಆದರೆ ಎದುರಿಗಿರುವವರ ಆಪತ್ತು ಏನೆಂದು ತಿಳಿಯದೆ ಯಾರೂ ಆಪತ್ತಿಗೆ ಆಗಲಾರರು. ಗಾದೆಯ ಈ ಪಾಠ ಜೀತದ ಹುಡುಗಿಯ ಗೆಳೆತನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಪ್ಪ ಮದುವೆಗೋ ಮದ್ದಿಗೋ ಮಾಡಿದ ಸಾಲಕ್ಕೆ ಮಗಳು ಧಣಿಯ ಮನೆಯಲ್ಲಿ ಜೀತಕ್ಕಿರುತ್ತಾಳೆ. ಆ ಮನೆಯಲ್ಲೂ ಅವಳದೇ ವಯಸ್ಸಿನ ಒಬ್ಬ ಮಗಳು. ಬಿಡುವಾದಾಗ ಇಬ್ಬರೂ ಜಗಲಿಯಲ್ಲಿ ಕೂತು ಹುಣಸೆಬೀಜ ಎಣಿಸಿಕೊಂಡು ಅಳಿಗುಳಿಮಣೆ ಆಡುತ್ತಾರೆ. ಬೆಳಗಾದರೆ ಒಬ್ಬಳ ಹೆಗಲಿಗೆ ಸ್ಕೂಲ್ ಬ್ಯಾಗು, ಇನ್ನೊಬ್ಬಳ ತಲೆಗೆ ಸಗಣಿ ಮಂಕರಿ. ಹಬ್ಬದ ಒಬ್ಬಟ್ಟಿಗೆ, ಹಳೇ ಲಂಗಕ್ಕೆ ಕೊರತೆಯಿರುವುದಿಲ್ಲ. ‘ನಮ್ಮನೆ ಮಗಳ ಥರ ನೋಡ್ಕೋತೀವಿ’ ಎಂದು ದೊಡ್ಡವರು ಮನಸಾರೆ ಹೇಳುವುದೂ ಉಂಟು. ಆದರೆ ಮನೆಮಗಳಿಗೆ ಬೇಸರವಾದರೆ ಕೆಲಸ ಬಿಟ್ಟು ಏಳಬಹುದು, ಇವಳು ಏಳುವಂತಿಲ್ಲ. ಇವಳ ಆಪತ್ತು ತೀರದ ಸಾಲ. ಅದು ಒಬ್ಬಟ್ಟಿನಿಂದ ತೀರುವಂಥದ್ದಲ್ಲ.

ಇದನ್ನು ಹಳೇ ಕಾಲದ ಮಾತೆಂದು ತಳ್ಳಿಹಾಕಬಾರದು. 2000ದಲ್ಲಿ ಇದೇ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕೂಲಿಯವರ ಕಾಲಿಗೆ ಸರಪಳಿ ಹಾಕಿ ದುಡಿಸುತ್ತಿದ್ದುದು ಬಯಲಾಯಿತು. ಅವರನ್ನು ಬಿಡಿಸಲು ಮುಂದಾದದ್ದು ರೈತ ಸಂಘದವರು. ಕೂಲಿಯವರ ಒಡಹುಟ್ಟಿದವರಲ್ಲದಿದ್ದರೂ ಗಾದೆ ಹೇಳುವ ನೆಂಟರು ಅವರೇ. ಕಾಲಿನ ಸರಪಳಿ ನೋಡಿದವರಿಗೆ ಕಾಣುತ್ತದೆ. ಮನೆಯೊಳಗಿನ ಜೀತಕ್ಕೆ ಸರಪಳಿಯೇ ಇಲ್ಲ. ಅದು ಕಾಣುವುದು ಜೊತೆಯಲ್ಲಿ ಆಡಿದವಳ ಕಣ್ಣಿಗೆ ಮಾತ್ರ.

ಆ ಕಣ್ಣಿಗೆ ಕಂಡದ್ದನ್ನು ಬಾಯಿಬಿಟ್ಟು ಹೇಳುವುದೇ ಗೆಳೆತನ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ. ಅದನ್ನು ವಸೂಲಿ ಮಾಡಿದವರಿಗೆ 3 ವರ್ಷದವರೆಗೆ ಜೈಲು. ಇದು ಜೀತವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವರದು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳು ಮಂಡ್ಯ ಉಪವಿಭಾಗಾಧಿಕಾರಿಯ ವ್ಯಾಪ್ತಿಗೆ ಬರುತ್ತವೆ. ಅಲ್ಲಿಗೊಂದು ಅರ್ಜಿ ಹೋದರೆ ವಿಚಾರಣೆಯಾಗಿ ಬಿಡುಗಡೆ ಪತ್ರ ಸಿಗುವ ದಾರಿಯಿದೆ. ಮಕ್ಕಳ ವಿಷಯಕ್ಕೆ 1098 ಸಹಾಯವಾಣಿಯಿದೆ.

ಹಾಗೆ ಹೇಳಿದ ಮನೆಮಗಳು ಹೆತ್ತವರ ಕೋಪಕ್ಕೆ ಗುರಿಯಾಗುತ್ತಾಳೆ, ಊರಿನ ಬಾಯಿಗೂ ಬೀಳುತ್ತಾಳೆ. ಆಪತ್ತಿಗೆ ಆಗುವುದೆಂದರೆ ಆ ಆಪತ್ತಿನಲ್ಲಿ ಒಂದು ಪಾಲು ತನ್ನ ಮೇಲೆ ಹಾಕಿಕೊಳ್ಳುವುದು. ಇಷ್ಟು ದೊಡ್ಡ ಭಾರವನ್ನು ಆ ಮಗುವೊಂದರ ಮೇಲೇ ಬಿಡುವುದು ತಪ್ಪು. ಅವಳ ಮೇಷ್ಟ್ರು, ಅಂಗನವಾಡಿ ಟೀಚರು, ಪಕ್ಕದ ಮನೆಯವರು ಅವಳ ಬೆನ್ನಿಗೆ ನಿಂತರೆ ಈ ಗಾದೆ ಊರಿಗೇ ಒಪ್ಪುತ್ತದೆ. ಬಿಡುಗಡೆಯಾದವಳು ಮತ್ತೆ ಆ ಜಗಲಿ ಹತ್ತುತ್ತಾಳೋ ಇಲ್ಲವೋ, ಅದು ಅವಳ ಇಷ್ಟ. ತನ್ನಿಷ್ಟದಿಂದ ಬಂದರೆ ಅವಳು ಬರುವುದು ಗೆಳತಿಯಾಗಿ.