ನಡೆಯಾಗಬಾರದ ನುಡಿ

ನುಡಿದಂತೆ ನಡೆಯಬೇಕೆಂಬುದು ಶರಣಮಾರ್ಗದ ಮೊದಲ ಪಾಠ. ಆದರೆ ಅಣ್ವಸ್ತ್ರಗಳನ್ನು ಕೂಡಿಟ್ಟುಕೊಂಡ ರಾಷ್ಟ್ರಗಳು ಪರಸ್ಪರ ಆಡುವ ನುಡಿಯೇ ಬೇರೆ. ‘ನೀನು ಹೊಡೆದರೆ ನಾನೂ ಹೊಡೆದು ನಿನ್ನನ್ನು ನಿರ್ನಾಮಗೊಳಿಸುವೆನು’ ಎಂಬುದೇ ಅದು. ಆ ನುಡಿ ನಡೆಯಾದರೆ ಲೋಕಕ್ಕೆ ಉಳಿಗಾಲವಿಲ್ಲ. ನಡೆಯಾಗದೆಂದು ಎದುರಾಳಿಗೆ ತಿಳಿದರೆ ನುಡಿಗೆ ಬೆಲೆಯಿಲ್ಲ. ಮಾಡಬಾರದುದನ್ನು ಮಾಡುವೆನೆಂದು ಪಣತೊಟ್ಟು ಶಾಂತಿಯನ್ನು ಕಾಯುವುದು ಧರ್ಮವೆ?

1962ರ ಅಕ್ಟೋಬರಿನಲ್ಲಿ ಈ ಪ್ರಶ್ನೆ ಬರಿಯ ತರ್ಕವಾಗಿ ಉಳಿಯಲಿಲ್ಲ. ಸೋವಿಯತ್ ಒಕ್ಕೂಟವು ಕ್ಯೂಬಾ ದ್ವೀಪದಲ್ಲಿ ಗುಟ್ಟಾಗಿ ಕ್ಷಿಪಣಿಗಳನ್ನು ನೆಲೆಗೊಳಿಸುತ್ತಿದ್ದುದು ಅಮೆರಿಕೆಗೆ ತಿಳಿಯಿತು. ದಾಳಿ ಮಾಡಬೇಕೆಂದು ಸೇನಾಮುಖ್ಯರು ಒತ್ತಾಯಿಸಿದರೂ ಅಧ್ಯಕ್ಷ ಕೆನೆಡಿಯವರು ನೌಕಾಬಂಧನವನ್ನಷ್ಟೇ ಘೋಷಿಸಿದರು. 27ರ ಶನಿವಾರ ಕ್ಯೂಬಾದ ಮೇಲೆ ಅಮೆರಿಕೆಯ ಬೇಹುವಿಮಾನವೊಂದನ್ನು ಹೊಡೆದುರುಳಿಸಲಾಯಿತು, ಚಾಲಕನು ಮಡಿದನು. ಅದೇ ದಿನ ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯನ್ನು ಅಮೆರಿಕೆಯ ಹಡಗುಗಳು ಸುತ್ತುವರಿದು, ಮೇಲೆದ್ದು ಬರಲು ಸೂಚನೆಯೆಂದು ಸಣ್ಣ ಸಿಡಿಗುಂಡುಗಳನ್ನು ನೀರಿಗೆ ಬಿಟ್ಟವು. ಒಳಗಿದ್ದವರಿಗೆ ಮಾಸ್ಕೋದ ಸಂಪರ್ಕವಿಲ್ಲ, ತಾಳಲಾರದ ಸೆಕೆ, ಮೇಲೆ ಯುದ್ಧ ಆರಂಭವಾಗಿದೆಯೋ ಇಲ್ಲವೋ ತಿಳಿಯದು. ಅವರ ಬಳಿ ಅಣುಸಿಡಿತಲೆಯ ಟಾರ್ಪಿಡೊ ಇತ್ತು. ನೌಕಾಧಿಪತಿಯು ಅದನ್ನು ಸಿದ್ಧಗೊಳಿಸಲು ಮುಂದಾದನೆಂದೂ, ವಾಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಅವನನ್ನು ಸಮಾಧಾನಪಡಿಸಿದನೆಂದೂ ಒಳಗಿದ್ದವರೊಬ್ಬರು ಎಷ್ಟೋ ವರ್ಷಗಳ ಮೇಲೆ ಹೇಳಿದರು. ಭಯದ ಲೆಕ್ಕಾಚಾರವೆಲ್ಲ ಕೈಬಿಟ್ಟ ಗಳಿಗೆಯಲ್ಲಿ ಕೆಲಸಕ್ಕೆ ಬಂದುದು ಒಬ್ಬನ ತಾಳ್ಮೆ!

ಹಾಗೆಂದು ಭಯವು ನಿಷ್ಪ್ರಯೋಜಕವೆನ್ನಲಾಗದು. ಕೆನೆಡಿ, ಕ್ರುಶ್ಚೇವ್ ಇಬ್ಬರನ್ನೂ ತಡೆದು ನಿಲ್ಲಿಸುವಲ್ಲಿ ಭಯದ ಪಾಲು ದೊಡ್ಡದು. ಹೊಲದ ಬದುವಿಗಾಗಿ ಕಾದಾಡುವ ದಾಯಾದಿಗಳು ದೊಣ್ಣೆಗೆ ಅಂಜಿ ಒಂದು ರಾತ್ರಿ ಸುಮ್ಮನಿರಬಹುದು; ವ್ಯಾಜ್ಯ ತೀರಬೇಕಾದರೆ ಬೆಳಗಾದ ಮೇಲೆ ಯಾರಾದರೂ ಮಾತಿಗೆ ಕೂಡಲೇಬೇಕು. ಶನಿವಾರ ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನೆಡಿಯವರು ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ಕಂಡು ಮಾತನಾಡಿದರು. ಮರುದಿನ ಕ್ಷಿಪಣಿಗಳನ್ನು ಹಿಂದೆಗೆಯುವುದಾಗಿ ಕ್ರುಶ್ಚೇವ್ ಸಾರಿದರು.

ಇಲ್ಲೊಂದು ಸೂಕ್ಷ್ಮವಿದೆ. ತುರ್ಕಿಯಲ್ಲಿದ್ದ ತನ್ನ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುವುದಾಗಿ ಅಮೆರಿಕೆಯು ಆ ರಾತ್ರಿ ಮಾತುಕೊಟ್ಟಿತು, ಆದರೆ ಅದು ಗುಟ್ಟಾಗಿರಬೇಕೆಂದಿತು. 1963ರ ಏಪ್ರಿಲ್‌ನಲ್ಲಿ ಅವುಗಳನ್ನು ತೆಗೆದುದೂ ಆಯಿತು. ನಡೆ ಬಾಗಿತು, ನುಡಿ ಮಾತ್ರ ಬಾಗಲಿಲ್ಲ. ಗಟ್ಟಿಯಾಗಿ ನಿಂತುದರಿಂದಲೇ ಜಯವಾಯಿತೆಂದು ಆ ದೇಶದ ಜನರು ಬಹುಕಾಲ ನಂಬಿದರು. ಶಾಂತಿಯನ್ನು ತಂದ ರಾಜಿಗೆ ನಾಚಿ, ಅದರ ಕೀರ್ತಿಯನ್ನು ಬೆದರಿಕೆಗೆ ಒಪ್ಪಿಸಿದುದು ಸಣ್ಣ ದೋಷವಲ್ಲ.

1963ರ ಆಗಸ್ಟ್‌ನಲ್ಲಿ ವಾಯುಮಂಡಲ, ಬಾಹ್ಯಾಕಾಶ ಮತ್ತು ನೀರಿನೊಳಗಿನ ಅಣುಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿಯಾಯಿತು. ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ನೆಹರೂ ಅವರು 1954ರಲ್ಲಿಯೇ ಕೇಳಿದ್ದರು. ಆಗ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಭೂಗರ್ಭದ ಪರೀಕ್ಷೆಗಳು ಒಪ್ಪಂದದ ಹೊರಗೇ ಉಳಿದವು.

ಇಂತಹ ಒಪ್ಪಂದಗಳು ಸ್ನೇಹಿತರಿಗೆ ಬೇಕಾದವಲ್ಲ. ಒಬ್ಬರನ್ನೊಬ್ಬರು ನಂಬಲಾರದವರಿಗೆ ಬೇಕಾದವು. 1987ರಲ್ಲಿ ರೇಗನ್, ಗೊರ್ಬಚೇವ್ ಮಾಡಿಕೊಂಡ ಒಪ್ಪಂದದಂತೆ 1991ರ ಹೊತ್ತಿಗೆ 2,692 ಕ್ಷಿಪಣಿಗಳು ನಾಶವಾದವು. ಎದುರುಪಕ್ಷದ ಪರಿಶೀಲಕರು ಬಂದು ಕಣ್ಣಾರೆ ನೋಡಿದರು. ನುಡಿಯನ್ನು ನಡೆಯೊಡನೆ ಒರೆಹಚ್ಚಿ ನೋಡುವ ಈ ಏರ್ಪಾಡನ್ನು ಯಾವ ಗೃಹಸ್ಥನೂ ಅವಮಾನವೆಂದೆಣಿಸಬೇಕಾಗಿಲ್ಲ. ಆ ಒಪ್ಪಂದವು 2019ರಲ್ಲಿ ಕೊನೆಗೊಂಡಿತು. ನೀನೇ ನುಡಿಗೆ ತಪ್ಪಿದೆಯೆಂದು ಒಬ್ಬರು ಮತ್ತೊಬ್ಬರನ್ನು ದೂರಿದರು.